ಫಿಲ್ಟರ್ ಇರುವಾಗ ಫಿಲ್ಮ್ ಯಾಕೆ, ಹಳೆಯ ಲೆನ್ಸ್ ಯಾಕೆ?

ಓದುಗರ ಪ್ರಶ್ನೆ: ಫಿಲ್ಮ್‌ನ ಬಣ್ಣ, ಗ್ರೇನ್ ಎಂಬ ಸಣ್ಣ ಕಣಗಳ ನೋಟ, ಹಳೆಯ ಲೆನ್ಸ್‌ನ ಮೆದು ನೋಟ ಎಲ್ಲವನ್ನೂ ಈಗ ಫೋನಿನ ಫಿಲ್ಟರ್ ಒಂದೇ ಕ್ಷಣದಲ್ಲಿ ತಂದುಕೊಡುತ್ತದೆ. ಹೀಗಿರುವಾಗ ಐವತ್ತು ವರ್ಷ ಹಳೆಯ ಕ್ಯಾಮೆರಾ ಹುಡುಕಿ, ಫಿಲ್ಮ್ ತುಂಬಿ ಚಿತ್ರ ತೆಗೆಯುವವರಿಗೆ ಹೆಚ್ಚಿಗೆ ಸಿಗುವುದೇನು? ವ್ಯತ್ಯಾಸ ನಿಜವಾಗಿಯೂ ಇದೆಯೇ, ಅಥವಾ ಹಳೆಯದರ ಮೇಲಿನ ಮೋಹವೇ?

ವ್ಯತ್ಯಾಸ ಇದೆ. ಮೋಹವೂ ಇರಬಹುದು, ಆದರೆ ಅದು ಬೇರೆ ವಿಷಯ. ಫಿಲ್ಟರ್ ಕೆಲಸಕ್ಕೆ ಇಳಿಯುವುದು ಚಿತ್ರ ಮೂಡಿ ಮುಗಿದ ಮೇಲೆ. ಯಾವ ಎಲೆ ಹತ್ತಿರವಿತ್ತು, ಯಾವುದು ದೂರವಿತ್ತು, ಚೌಕಟ್ಟಿನ ಆಚೆ ಸೂರ್ಯ ಎಷ್ಟು ಎತ್ತರದಲ್ಲಿದ್ದ ಎಂಬುದನ್ನು ಅದು ಊಹಿಸಬೇಕಾಗುತ್ತದೆ. ಕೆಲವು ಫೋನುಗಳು ದೂರವನ್ನು ಚೆನ್ನಾಗಿಯೇ ಅಂದಾಜು ಮಾಡುತ್ತವೆ, ಆದರೂ ಕೆದರಿದ ಕೂದಲಿನ ಅಂಚಿನಲ್ಲಿ, ಕನ್ನಡಕದ ಗಾಜಿನಲ್ಲಿ ಆ ಅಂದಾಜು ತಪ್ಪುವುದನ್ನು ಯಾರು ಬೇಕಾದರೂ ನೋಡಬಹುದು. ಲೆನ್ಸ್ ಮತ್ತು ಫಿಲ್ಮ್‌ಗೆ ಊಹೆಯ ಅಗತ್ಯವೇ ಇಲ್ಲ. ಬೆಳಕು ಬರುತ್ತಿರುವಾಗಲೇ ಅದನ್ನು ಬಗ್ಗಿಸಿ, ಚದುರಿಸಿ, ಹಿಡಿದಿಡುವುದು ಅವುಗಳ ಕೆಲಸ.

ಮೊದಲು ಗಾಜಿನ ವಿಷಯ. ಲೇಪನವಿಲ್ಲದ ಗಾಜಿಗೆ ಬಿದ್ದ ಬೆಳಕಿನಲ್ಲಿ ಸುಮಾರು 4 ಪ್ರತಿಶತ ಪ್ರತಿ ಮೇಲ್ಮೈಯಲ್ಲೂ ಹಿಂದಕ್ಕೆ ಚಿಮ್ಮುತ್ತದೆ. 1902ರಲ್ಲಿ ಜರ್ಮನಿಯ ಝೈಸ್ ಕಂಪನಿಯಲ್ಲಿ ಪೌಲ್ ರುಡಾಲ್ಫ್ ರೂಪಿಸಿದ ಟೆಸ್ಸಾರ್ ಲೆನ್ಸ್‌ನಲ್ಲಿ ನಾಲ್ಕು ಗಾಜುಗಳಿದ್ದವು. ಅವುಗಳಲ್ಲಿ ಎರಡನ್ನು ಅಂಟಿಸಿದ್ದರಿಂದ ಗಾಳಿಗೆ ತೆರೆದ ಮೇಲ್ಮೈಗಳು ಆರು. ಆರು ಬಾರಿ ಈ ಕಡಿತ ಆದಮೇಲೆ ಫಿಲ್ಮ್‌ಗೆ ನೇರವಾಗಿ ತಲುಪುವುದು ನೂರರಲ್ಲಿ ಸುಮಾರು 78 ಭಾಗ. ಉಳಿದದ್ದರಲ್ಲಿ ಒಂದಿಷ್ಟು ಗಾಜುಗಳ ನಡುವೆಯೇ ಪುಟಿದು, ತೆಳುವಾಗಿ ಹರಡಿ, ಕೊನೆಗೆ ಫಿಲ್ಮ್ ಮೇಲೆಯೇ ಬಂದು ಬೀಳುತ್ತದೆ. ಬೆಳಗಿದ ಭಾಗದಲ್ಲಿ ಅದು ಕಣ್ಣಿಗೆ ಕಾಣುವುದಿಲ್ಲ, ನೆರಳಿನಲ್ಲಿ ಕಾಣುತ್ತದೆ. ಕಡುಗಪ್ಪಾಗಬೇಕಿದ್ದ ನೆರಳು ಬೂದು ಬಣ್ಣಕ್ಕೆ ತಿರುಗಿ ಇಡೀ ಚಿತ್ರ ಮೆತ್ತಗಾಗುತ್ತದೆ. ಹಳೆಯ ಚಿತ್ರಗಳಲ್ಲಿ ನಾವು ಮೆಚ್ಚುವ ಸೌಮ್ಯತೆಯ ದೊಡ್ಡ ಪಾಲು ಹೀಗೆ ದಾರಿ ತಪ್ಪಿದ ಬೆಳಕಿನದು.

ಇದರಲ್ಲಿ ಇನ್ನೊಂದು ಸೊಗಸಾದ ಸಂಗತಿಯಿದೆ. 1890ರ ದಶಕದಲ್ಲಿ ಇಂಗ್ಲೆಂಡಿನ ಡೆನಿಸ್ ಟೇಲರ್, ಕಾಲ ಕಳೆದಂತೆ ಮೇಲ್ಮೈ ಮಾಸಿದ ಲೆನ್ಸ್‌ಗಳು ಹೊಸ ಲೆನ್ಸ್‌ಗಳಿಗಿಂತ ಹೆಚ್ಚು ಬೆಳಕನ್ನು ಒಳಗೆ ಬಿಡುವುದನ್ನು ಗಮನಿಸಿದರು. ಮಾಸಿದ ಆ ತೆಳುವಾದ ಪದರವೇ ಪ್ರತಿಫಲನವನ್ನು ತಗ್ಗಿಸುತ್ತಿತ್ತು. ಅಂಥ ಪದರವನ್ನು ನಿರ್ವಾತದಲ್ಲಿ ಬೇಕೆಂದೇ ಕೂರಿಸುವ ವಿಧಾನವನ್ನು 1935ರಲ್ಲಿ ಝೈಸ್‌ನ ಅಲೆಕ್ಸಾಂಡರ್ ಸ್ಮಾಕುಲಾ ರೂಪಿಸಿದರು. ಎರಡನೆಯ ಮಹಾಯುದ್ಧದ ನಂತರ ಒಂದು ಪದರದ ಲೇಪನ ಎಲ್ಲೆಡೆ ಬಂತು, 1970ರ ದಶಕದಲ್ಲಿ ಹಲವು ಪದರಗಳದ್ದು ಸಾಮಾನ್ಯವಾಯಿತು. ಹಾಗಾಗಿ ‘ಹಳೆಯ ಲೆನ್ಸ್’ ಎಂದು ಎಲ್ಲವನ್ನೂ ಒಂದೇ ಗುಂಪಿಗೆ ಸೇರಿಸುವುದು ಸರಿಯಲ್ಲ. 1930ರದ್ದು, 1955ರದ್ದು, 1975ರದ್ದು ಮೂರೂ ಒಂದೇ ಸಂಜೆಬೆಳಕನ್ನು ಮೂರು ರೀತಿ ತೋರಿಸುತ್ತವೆ. ನನ್ನ ಮನಸ್ಸು ಹೆಚ್ಚು ವಾಲುವುದು ನಡುವಿನ ಕಾಲದ, ಒಂದೇ ಪದರದ ಲೆನ್ಸ್‌ಗಳ ಕಡೆಗೆ. ಅವು ಸೂರ್ಯನಿಗೆ ಎದುರಾದಾಗ ಸ್ವಲ್ಪ ಮಸುಕಾಗುತ್ತವೆ, ಸೋತು ಹೋಗುವುದಿಲ್ಲ.

ಮುಂದಿನದು ಲೆನ್ಸ್‌ನ ಲೆಕ್ಕಾಚಾರ. ಕಂಪ್ಯೂಟರ್ ಬರುವ ಮೊದಲು ಬೆಳಕಿನ ಒಂದೊಂದು ಕಿರಣದ ದಾರಿಯನ್ನೂ ಲಾಗರಿದಮ್ ಕೋಷ್ಟಕ ಹಿಡಿದು ಕೈಯಲ್ಲೇ ಲೆಕ್ಕ ಹಾಕುತ್ತಿದ್ದರು. ಎಲ್ಲ ದೋಷಗಳನ್ನೂ ತಿದ್ದುವುದು ಆಗದ ಮಾತು. ಒಂದನ್ನು ತಿದ್ದಿದರೆ ಇನ್ನೊಂದು ಕೆಡುತ್ತಿತ್ತು. ಯಾವ ದೋಷವನ್ನು ಉಳಿಸಿಕೊಳ್ಳಬೇಕು ಎಂದು ವಿನ್ಯಾಸಕಾರ ತೀರ್ಮಾನಿಸುತ್ತಿದ್ದ, ಆ ತೀರ್ಮಾನವೇ ಲೆನ್ಸ್‌ನ ಸ್ವಭಾವವಾಗುತ್ತಿತ್ತು. ಉದಾಹರಣೆಗೆ ಗೋಳೀಯ ದೋಷ ಎಂದರೆ ಗಾಜಿನ ಅಂಚಿನ ಕಿರಣಗಳೂ ಮಧ್ಯದ ಕಿರಣಗಳೂ ಒಂದೇ ಬಿಂದುವಿನಲ್ಲಿ ಸೇರದಿರುವುದು. ಅದನ್ನು ಕೊಂಚ ಕಡಿಮೆ ತಿದ್ದಿದರೆ ಹಿನ್ನೆಲೆಯ ಮಸುಕು ಅಂಚಿಲ್ಲದೆ ಕರಗುತ್ತದೆ. ಅದನ್ನೇ ಅಗತ್ಯಕ್ಕಿಂತ ಹೆಚ್ಚು ತಿದ್ದಿದರೆ ಹಿನ್ನೆಲೆಯ ಪ್ರತಿ ಬೆಳಕಿನ ಚುಕ್ಕೆಗೂ ಹೊಳೆಯುವ ಅಂಚು ಬಂದು ಅದು ಉಂಗುರದಂತೆ ಕಾಣುತ್ತದೆ. ಮೇಯರ್ ಕಂಪನಿಯ ಟ್ರಯೋಪ್ಲಾನ್ ಲೆನ್ಸ್ ಇಂದು ಹೆಸರಾಗಿರುವುದೇ ಈ ಉಂಗುರಗಳಿಂದ.

ಸುಳಿಯಂತೆ ತಿರುಗುವ ಹಿನ್ನೆಲೆಯ ಬಗ್ಗೆ ಬಹಳ ಮಂದಿ ಕೇಳುವುದರಿಂದ ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಝೈಸ್‌ನ ಬಯೋಟಾರ್ ಮಾದರಿಯನ್ನು ಅನುಸರಿಸಿ ಸೋವಿಯತ್ ಒಕ್ಕೂಟದಲ್ಲಿ ತಯಾರಾದ ಹೀಲಿಯೋಸ್ 44 ಇದಕ್ಕೆ ಪ್ರಸಿದ್ಧ. ಅದು 58 ಮಿ.ಮೀ., ಎಫ್/2 ಲೆನ್ಸ್. ಎಫ್ ಅಂಕಿ ಹೇಳುವುದು ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿ, ಎಷ್ಟು ತೆರೆದಿದೆ ಎಂಬುದನ್ನು; ಅಂಕಿ ಸಣ್ಣದಾದಷ್ಟೂ ಕಿಂಡಿ ದೊಡ್ಡದು. ಚಿತ್ರದ ಮಧ್ಯದಲ್ಲಿ ಮಸುಕಾದ ಬೆಳಕಿನ ಚುಕ್ಕೆ ಪೂರ್ತಿ ವೃತ್ತವಾಗಿರುತ್ತದೆ. ಅಂಚಿನ ಕಡೆ ಹೋದಂತೆ ಓರೆಯಾಗಿ ಬರುವ ಬೆಳಕನ್ನು ಲೆನ್ಸ್‌ನ ಕೊಳವೆಯ ಬಾಯಿ ಎರಡೂ ಬದಿಯಿಂದ ಕತ್ತರಿಸುತ್ತದೆ, ವೃತ್ತ ಬೆಕ್ಕಿನ ಕಣ್ಣಿನ ಆಕಾರಕ್ಕೆ ಇಳಿಯುತ್ತದೆ. ಈ ಕಣ್ಣುಗಳೆಲ್ಲ ಮಧ್ಯವನ್ನು ಸುತ್ತುವರಿದು ಮಲಗಿದಂತೆ ನಿಲ್ಲುತ್ತವೆ. ಅದಕ್ಕೆ ಲೆನ್ಸ್‌ನಲ್ಲಿ ಉಳಿದಿರುವ ಅಸಮಬಿಂದುಕತೆಯೂ (ಬೆಳಕಿನ ಬಿಂದು ಬಿಂದುವಾಗಿ ಮೂಡದೆ ಗೆರೆಯಂತೆ ಎಳೆದುಕೊಳ್ಳುವ ದೋಷ) ಸೇರಿ ಸುಳಿ ಹುಟ್ಟುತ್ತದೆ. ಸುಳಿ ಎಲ್ಲ ಚಿತ್ರದಲ್ಲೂ ಬರುವುದಿಲ್ಲ. ಎದುರಿಗಿರುವ ವ್ಯಕ್ತಿ ಒಂದೆರಡು ಮೀಟರ್ ದೂರದಲ್ಲಿರಬೇಕು, ಅವರ ಹಿಂದೆ ಹಲವು ಮೀಟರ್ ಆಚೆ ಎಲೆಗಳ ಸಂದಿಯಿಂದ ಬೆಳಕು ಚುಕ್ಕೆಚುಕ್ಕೆಯಾಗಿ ತೂರಿಬರುತ್ತಿರಬೇಕು, ಅಪರ್ಚರ್ ಪೂರ್ತಿ ತೆರೆದಿರಬೇಕು. ಎಫ್/5.6ಕ್ಕೆ ಇಳಿಸಿದರೆ ಸುಳಿ ಬಹುಮಟ್ಟಿಗೆ ಮಾಯ. ಲೆನ್ಸ್ ಕೊಂಡು, ಬರಿಯ ಗೋಡೆಯ ಮುಂದೆ ಯಾರನ್ನೋ ನಿಲ್ಲಿಸಿ ತೆಗೆದು, ‘ಏನೂ ವಿಶೇಷವಿಲ್ಲ’ ಎನ್ನುವವರಿಗೆ ಇದೇ ಉತ್ತರ.

ಈಗ ಫಿಲ್ಮ್. ಡಿಜಿಟಲ್ ಸೆನ್ಸರ್‌ನ ಒಂದೊಂದು ಬಿಂದುವೂ ಒಂದು ಪಾತ್ರೆಯಿದ್ದಂತೆ: ತುಂಬುವವರೆಗೆ ಲೆಕ್ಕ ನಿಖರ, ತುಂಬಿದ ಮೇಲೆ ಸುರಿದದ್ದೆಲ್ಲ ಹೊರಗೆ. ಬಿಳಿ ಮೋಡದ ವಿವರ ಒಮ್ಮೆ ಹಾಗೆ ಚೆಲ್ಲಿಹೋದರೆ ಯಾವ ಫಿಲ್ಟರೂ ಅದನ್ನು ತಿರುಗಿ ತರುವುದಿಲ್ಲ. ನೆಗೆಟಿವ್ ಫಿಲ್ಮ್‌ನ ರೀತಿ ಬೇರೆ. ಬೆಳಕು ಹೆಚ್ಚಾದಂತೆ ಅದರ ಪ್ರತಿಕ್ರಿಯೆ ನಿಧಾನವಾಗಿ ಕುಗ್ಗುತ್ತದೆ, ಒಮ್ಮೆಗೇ ನಿಲ್ಲುವುದಿಲ್ಲ. ಈ ಬಾಗಿದ ರೇಖೆಯನ್ನು ಹರ್ಟರ್ ಮತ್ತು ಡ್ರಿಫೀಲ್ಡ್ ಎಂಬಿಬ್ಬರು 1890ರಲ್ಲೇ ಅಳೆದು ಪ್ರಕಟಿಸಿದ್ದರು. ಕಿಟಕಿಯ ಬದಿಯಲ್ಲಿ ಕುಳಿತವರ ಕೆನ್ನೆಯ ಹೊಳಪು ಫಿಲ್ಮ್‌ನಲ್ಲಿ ಚರ್ಮವಾಗಿಯೇ ಉಳಿಯುವುದು, ಬಿಳಿ ತೇಪೆಯಾಗದಿರುವುದು ಇದರಿಂದ. ಹಾಗೆಂದು ಇದನ್ನು ಎಲ್ಲ ಫಿಲ್ಮ್‌ಗೂ ಅನ್ವಯಿಸಬೇಡಿ. ನೆಗೆಟಿವ್ ಇಲ್ಲದೆ ನೇರವಾಗಿ ಚಿತ್ರವನ್ನೇ ಕೊಡುವ ಸ್ಲೈಡ್ ಫಿಲ್ಮ್ ಬಹಳ ಬಿಗಿ, ಅರ್ಧ ಸ್ಟಾಪ್ ತಪ್ಪಿದರೂ ಕಾಣುತ್ತದೆ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿಯಾಗುವುದು ಇಲ್ಲವೇ ಅರ್ಧವಾಗುವುದು). ನೆಗೆಟಿವ್‌ಗೆ ಕಷ್ಟವಾಗುವುದು ಬೆಳಕು ಕಡಿಮೆಯಾದಾಗ: ನೆರಳು ತೆಳುವಾಗಿ ಕೆಸರಿನ ಬಣ್ಣಕ್ಕೆ ತಿರುಗುತ್ತದೆ. ಅನುಮಾನ ಬಂದರೆ ನೆರಳನ್ನು ಅಳೆದು, ಒಂದು ಸ್ಟಾಪ್ ಹೆಚ್ಚಿಗೆ ಕೊಡುವುದೇ ವಾಸಿ.

ಗ್ರೇನ್ ವಿಷಯದಲ್ಲಿ ಫಿಲ್ಟರ್‌ಗಳು ಇನ್ನೂ ಹೆಚ್ಚು ಎಡವುತ್ತವೆ. ಅವು ಸಿದ್ಧ ಚಿತ್ರದ ಮೇಲೆ ಗ್ರೇನ್ ಉದುರಿಸುತ್ತವೆ. ಫಿಲ್ಮ್‌ನಲ್ಲಿ ಚಿತ್ರ ಬೇರೆ, ಗ್ರೇನ್ ಬೇರೆ ಅಲ್ಲ. ಬೆಳಕು ತಾಗಿದ ಸಿಲ್ವರ್ ಹಾಲೈಡ್ ಹರಳಿನಲ್ಲಿ ಬೆಳ್ಳಿಯ ಕೆಲವೇ ಪರಮಾಣುಗಳು ಒಂದುಗೂಡುತ್ತವೆ, ಡೆವಲಪರ್ ದ್ರಾವಣ ಆ ಹರಳನ್ನೆಲ್ಲ ಬೆಳ್ಳಿಯಾಗಿಸುತ್ತದೆ. ಕಪ್ಪು ಬಿಳುಪಿನಲ್ಲಿ ನಾವು ನೋಡುವುದು ಆ ಬೆಳ್ಳಿಯ ಗುರುತನ್ನೇ. ಬಣ್ಣದ ಫಿಲ್ಮ್‌ನಲ್ಲಿ ಬೆಳ್ಳಿಯನ್ನು ಕೊನೆಗೆ ತೊಳೆದು ತೆಗೆಯುತ್ತಾರೆ, ಅದರ ಜಾಗದಲ್ಲಿ ಬಣ್ಣದ ಸಣ್ಣ ಮೋಡಗಳು ಉಳಿದಿರುತ್ತವೆ. ಅದಕ್ಕೇ ಬಣ್ಣದ ಗ್ರೇನ್ ಹೆಚ್ಚು ಮೃದು.

ಇನ್ನು ಕ್ಯಾಮೆರಾ. 1959ರ ನಿಕಾನ್ ಎಫ್ ಆಗಲಿ, 1976ರಿಂದ 1997ರವರೆಗೆ ತಯಾರಾದ ಪೆಂಟ್ಯಾಕ್ಸ್ ಕೆ1000 ಆಗಲಿ, ಬೆಳಕನ್ನು ಕ್ಷಣಕಾಲ ಒಳಬಿಟ್ಟು ಮುಚ್ಚುವ ಶಟರನ್ನು ಬ್ಯಾಟರಿ ಇಲ್ಲದೆಯೂ ನಡೆಸುತ್ತವೆ. ನಿಧಾನವಾಗಿ ತೆಗೆದ ಮಾತ್ರಕ್ಕೆ ಚಿತ್ರ ಒಳ್ಳೆಯದಾಗುತ್ತದೆ ಎಂಬುದನ್ನು ನಾನು ಒಪ್ಪುವುದಿಲ್ಲ. ನಿಧಾನವಾಗಿ ತೆಗೆದ ನೀರಸ ಚಿತ್ರಗಳು ಬೇಕಾದಷ್ಟಿವೆ. ನಿಜವಾದ ಲಾಭ ಬೇರೆಯದು. ಗುಂಡಿ ಒತ್ತಿದ ಮೇಲೆ ಹಿಂಬದಿಯಲ್ಲಿ ನೋಡಲು ಪರದೆಯಿಲ್ಲ. ಹಾಗಾಗಿ ಕಣ್ಣು ಎದುರಿಗಿರುವವರ ಮೇಲೆಯೇ ನಿಲ್ಲುತ್ತದೆ, ಚಿತ್ರ ತೆಗೆದಾಯಿತೆಂದು ಅವರು ಭುಜ ಸಡಿಲಿಸಿ ನಕ್ಕ ಗಳಿಗೆ ನಿಮಗೆ ತಪ್ಪುವುದಿಲ್ಲ. 36 ಚಿತ್ರಗಳ ರೋಲ್‌ನಲ್ಲಿ ನನಗೆ ಇಷ್ಟವಾಗುವವು ಹೆಚ್ಚಾಗಿ ಆ ಎರಡನೆಯ ಗಳಿಗೆಯವೇ.

ಫಿಲ್ಮ್ ತುಂಬಿದ ಮೇಲೆ ಒಂದು ಅಭ್ಯಾಸ ಮಾಡಿಕೊಳ್ಳಿ: ಲಿವರ್ ಎಳೆಯುವಾಗ ಎಡಬದಿಯ ರಿವೈಂಡ್ ಗುಂಡಿಯನ್ನು ನೋಡುತ್ತಿರಿ. ಸಡಿಲಾದ ಫಿಲ್ಮನ್ನು ಬಿಗಿಗೊಳಿಸಿದ ಮೇಲೆ ಪ್ರತಿ ಎಳೆತಕ್ಕೂ ಅದು ತಿರುಗಬೇಕು. ತಿರುಗದಿದ್ದರೆ ಫಿಲ್ಮ್ ಹಲ್ಲಿಗೆ ಸಿಕ್ಕಿಲ್ಲ, ಲೆಕ್ಕದ ಮುಳ್ಳು ಎಷ್ಟು ಮುಂದೆ ಹೋದರೂ ಒಳಗೆ ಏನೂ ಮೂಡುತ್ತಿಲ್ಲ.

ಕೊಳ್ಳುವ ಮೊದಲು ಸೊಬಗು ಯಾವುದು, ಕೇಡು ಯಾವುದು ಎಂದು ತಿಳಿದಿರಬೇಕು. ಲೆನ್ಸ್‌ನ ಹಿಂದಿನಿಂದ ಟಾರ್ಚ್ ಹಿಡಿದು ಮುಂದಿನಿಂದ ಓರೆಯಾಗಿ ನೋಡಿ. ಬೇರಿನಂತೆ ಕವಲೊಡೆದ ತೆಳು ಎಳೆಗಳು ಕಂಡರೆ ಅದು ಫಂಗಸ್. ಒಳಗಿನ ಗಾಜು ಹಾಲು ಬೆರೆತಂತೆ ಮಂಕಾಗಿದ್ದರೆ ಅದನ್ನೂ ಬಿಡಿ. ಇಂಥ ಮಂಕನ್ನು ‘ಹಳೆಯ ಕಾಲದ ನೋಟ’ ಎಂದು ಮಾರುವವರ ಮಾತು ಕೇಳಬೇಡಿ. ಪೆಂಟ್ಯಾಕ್ಸ್‌ನ 50 ಮಿ.ಮೀ., ಎಫ್/1.4 ಟಾಕುಮಾರ್ ಲೆನ್ಸ್‌ನ ಕೆಲವು ಮಾದರಿಗಳಂಥವುಗಳಲ್ಲಿ ಥೋರಿಯಂ ಬೆರೆತ ಗಾಜು ವರ್ಷಗಳಲ್ಲಿ ಹಳದಿಯಾಗಿರುತ್ತದೆ. ಅದಕ್ಕೆ ಅಂಜಬೇಕಿಲ್ಲ, ನೇರಳಾತೀತ ಬೆಳಕಿನಲ್ಲಿ ಇಟ್ಟರೆ ತಿಳಿಯಾಗುತ್ತದೆ. ಆ ಗಾಜು ಅಲ್ಪ ಪ್ರಮಾಣದಲ್ಲಿ ವಿಕಿರಣಶೀಲ, ಬಿಚ್ಚಿ ಉಜ್ಜುವ ಕೆಲಸ ಮಾತ್ರ ಬೇಡ. ಕ್ಯಾಮೆರಾದಲ್ಲಿ ಒಂದು ಸೆಕೆಂಡಿನ ಶಟರ್ ಹಾಕಿ ಕಿವಿಗೊಡಿ, ಮುಕ್ಕರಿಯುವ ಸದ್ದು ಬಂದರೆ ಒಳಗಿನ ಎಣ್ಣೆ ಗಟ್ಟಿಯಾಗಿದೆ. ಹಿಂಬಾಗಿಲ ಅಂಚಿನ ಫೋಮ್ ಬೆರಳಿಗೆ ಅಂಟಿದರೆ ಬದಲಿಸಬೇಕು. ಬೆಳಕು ಅಳೆಯುವ ಹಳೆಯ ಮೀಟರ್‌ಗಳಲ್ಲಿ ಕೆಲವು 1.35 ವೋಲ್ಟಿನ ಪಾದರಸದ ಬ್ಯಾಟರಿಗೆ ಹೊಂದಿಸಿದವು, 1.5 ವೋಲ್ಟಿನದು ಹಾಕಿದರೆ ತಪ್ಪು ಓದುತ್ತವೆ.

ಮೊದಲ ರೋಲ್‌ಗೆ ಐಎಸ್‌ಒ 400 ಬದಲು 100ರ ಫಿಲ್ಮ್ ಹಾಕಿ (ಈ ಅಂಕಿ ಹೆಚ್ಚಾದಷ್ಟೂ ಫಿಲ್ಮ್‌ಗೆ ಕಡಿಮೆ ಬೆಳಕು ಸಾಕು). ಹಳೆಯ ಕ್ಯಾಮೆರಾಗಳ ಶಟರ್ ಸಾಮಾನ್ಯವಾಗಿ 1/1000 ಸೆಕೆಂಡಿಗೇ ನಿಲ್ಲುತ್ತದೆ, ಕೆಲವದು 1/500ಕ್ಕೇ. 400ರ ಫಿಲ್ಮ್‌ನಲ್ಲಿ ಹಗಲು ಹೊತ್ತು ಹೊರಗೆ ಎಫ್/2 ತೆರೆಯಲು ಹೆಚ್ಚಾಗಿ ಆಗುವುದಿಲ್ಲ, ಲೆನ್ಸ್‌ನ ಸ್ವಭಾವ ಕಾಣುವುದು ತೆರೆದಾಗಲೇ. 100ರಲ್ಲೂ ಬಿಸಿಲಿಗೆ ಹೋಗದೆ ಮರದ ನೆರಳಿನಲ್ಲಿ ತೆಗೆಯಿರಿ. ಅಲ್ಲಿ ಎಫ್/2ಕ್ಕೆ ಹೆಚ್ಚುಕಡಿಮೆ 1/1000 ಸರಿಹೋಗುತ್ತದೆ, 1/500ಕ್ಕೇ ನಿಲ್ಲುವ ಕ್ಯಾಮೆರಾದಲ್ಲಿ ಒಂದು ಸ್ಟಾಪ್ ಹೆಚ್ಚು ಬಿದ್ದರೂ ನೆಗೆಟಿವ್ ತಾಳಿಕೊಳ್ಳುತ್ತದೆ. ಅದೇ ಜಾಗದಲ್ಲಿ ಅದೇ ವ್ಯಕ್ತಿಯನ್ನು ಎಫ್/5.6, 1/125ರಲ್ಲೂ ಒಮ್ಮೆ ತೆಗೆದು, ಎರಡರ ಅಂಕಿಗಳನ್ನೂ ಪುಸ್ತಕದಲ್ಲಿ ಬರೆದಿಡಿ. ನೆಗೆಟಿವ್ ಬಂದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು, ಮುಖಕ್ಕಿಂತ ಮೊದಲು ನಾಲ್ಕು ಮೂಲೆಗಳನ್ನು ನೋಡಿ.