ಇಪ್ಪತ್ತು ಕೋಟಿ ಪಿಕ್ಸೆಲ್, ಇಪ್ಪತ್ತಾರು ಸಾವಿರ ರೂಪಾಯಿ

2024ರ ಜನವರಿ 4ರಂದು ಭಾರತದಲ್ಲಿ ಬಿಡುಗಡೆಯಾದ ರೆಡ್ಮಿ ನೋಟ್ 13 ಪ್ರೊ 5ಜಿ ಮೊಬೈಲಿನ ಆರಂಭಿಕ ಬೆಲೆ 25,999 ರೂಪಾಯಿ. ಕಂಪನಿ ಎತ್ತಿ ಹೇಳಿದ ಅಂಕಿಗಳು ಇವು: 200 ಮೆಗಾಪಿಕ್ಸೆಲ್ ಕ್ಯಾಮೆರಾ, 1,800 ನಿಟ್ (ಹೊಳಪಿನ ಅಳತೆ) ಬೆಳಕಿನ ಪರದೆ, 67 ವ್ಯಾಟ್ ಚಾರ್ಜಿಂಗ್. ಈ ಫೋನನ್ನು ಹೊಗಳಲೋ ತೆಗಳಲೋ ಆರಿಸಿಕೊಂಡಿಲ್ಲ. ಮಧ್ಯಮ ದರ್ಜೆಯ ಫೋನುಗಳೆಲ್ಲ ಹೆಚ್ಚುಕಡಿಮೆ ಇದೇ ಅಂಕಿಗಳ ಭಾಷೆಯಲ್ಲಿ ಮಾತನಾಡುತ್ತವೆ, ಉದಾಹರಣೆಗೆ ಒಂದು ಬೇಕಿತ್ತು. ಈ ಅಂಕಿಗಳಲ್ಲಿ ಯಾವುದೂ ಸುಳ್ಳಲ್ಲ. ಆದರೆ ಪ್ರತಿಯೊಂದೂ ಯಾವುದೋ ಒಂದು ಗಳಿಗೆಗೆ, ಯಾವುದೋ ಒಂದು ಷರತ್ತಿಗೆ ಒಳಪಟ್ಟ ನಿಜ. ನಮ್ಮ ದಿನಬಳಕೆಯ ಬಹುಪಾಲು ಆ ಗಳಿಗೆಯ ಆಚೆಗೇ ನಡೆಯುತ್ತದೆ. ಅಚ್ಚಾಗದೆ ಉಳಿದ ಷರತ್ತುಗಳನ್ನು ಓದಿಕೊಳ್ಳಲು ಹೈಸ್ಕೂಲಿನ ಭೌತವಿಜ್ಞಾನ ಬಹುಮಟ್ಟಿಗೆ ಸಾಕು.

ಕ್ಯಾಮೆರಾದಿಂದಲೇ ಶುರು ಮಾಡೋಣ. 200 ಮೆಗಾಪಿಕ್ಸೆಲ್ ಎಂದರೆ ಇಪ್ಪತ್ತು ಕೋಟಿ ಪಿಕ್ಸೆಲ್. ಅಷ್ಟೂ ಕುಳಿತಿರುವ ಸೆನ್ಸರ್, ಅಂದರೆ ಬೆಳಕನ್ನು ಹಿಡಿಯುವ ಚಿಪ್, ಸುಮಾರು 9 ಮಿಲಿಮೀಟರ್ ಅಗಲ, 7 ಮಿಲಿಮೀಟರ್ ಎತ್ತರದ್ದು. ಹಂಚಿ ನೋಡಿದರೆ ಒಂದು ಪಿಕ್ಸೆಲ್‌ನ ಪಾಲಿಗೆ ಬರುವ ಅಗಲ 0.56 ಮೈಕ್ರೊಮೀಟರ್. ಹಸಿರು ಬೆಳಕಿನ ತರಂಗದೂರವೂ ಸುಮಾರು 0.55 ಮೈಕ್ರೊಮೀಟರ್. ಬೆಳಕನ್ನು ಹಿಡಿಯಬೇಕಾದ ಗುಳಿಯ ಅಗಲ ಬೆಳಕಿನ ಒಂದು ಅಲೆಯಷ್ಟೇ ಇದೆ ಎಂದಾಯಿತು. ಇಂಥದ್ದನ್ನು ತಯಾರಿಸಿ ಇಪ್ಪತ್ತಾರು ಸಾವಿರಕ್ಕೆ ಮಾರುವುದು ಸಣ್ಣ ಸಾಧನೆಯಲ್ಲ, ಅದನ್ನು ಒಪ್ಪಲೇಬೇಕು.

ತೊಡಕು ಇರುವುದು ಅದರ ಮುಂದಿರುವ ಮಸೂರದಲ್ಲಿ. ಕಿರಿದಾದ ಕಿಂಡಿಯಲ್ಲಿ ಹಾದು ಬರುವ ಬೆಳಕು ಅಂಚುಗಳಲ್ಲಿ ಬಾಗಿ ಹರಡುತ್ತದೆ, ಇದು ವಿವರ್ತನೆ. ಹಾಗಾಗಿ ಎಷ್ಟೇ ನಿರ್ದೋಷವಾದ ಮಸೂರವಾದರೂ ದೂರದ ನಕ್ಷತ್ರವನ್ನು ಬಿಂದುವಾಗಿ ಮೂಡಿಸಲಾರದು, ಪುಟ್ಟ ಬಿಲ್ಲೆಯಾಗಿ ಮೂಡಿಸುತ್ತದೆ. ಇಂಗ್ಲೆಂಡಿನ ಖಗೋಳ ವಿಜ್ಞಾನಿ ಜಾರ್ಜ್ ಏರಿ 1835ರಲ್ಲೇ ಇದರ ಗಣಿತವನ್ನು ಬರೆದಿಟ್ಟಿದ್ದಾನೆ. ಬಿಲ್ಲೆಯ ವ್ಯಾಸ ಬೇಕೆಂದರೆ ಬೆಳಕಿನ ತರಂಗದೂರವನ್ನು ಮಸೂರದ ಎಫ್ ಸಂಖ್ಯೆಯಿಂದ (ಸಂಗಮದೂರವನ್ನು ಕಿಂಡಿಯ ವ್ಯಾಸದಿಂದ ಭಾಗಿಸಿದ್ದು) ಗುಣಿಸಿ, ಮತ್ತೆ 2.44ರಿಂದ ಗುಣಿಸಬೇಕು. ಈ ಫೋನಿನ ಎಫ್ ಸಂಖ್ಯೆ 1.65. ಉತ್ತರ ಸುಮಾರು 2.2 ಮೈಕ್ರೊಮೀಟರ್. ದಪ್ಪ ಮೊನೆಯ ಸ್ಕೆಚ್ ಪೆನ್ನಿನಿಂದ ಗ್ರಾಫ್ ಹಾಳೆಯ ಮೇಲೆ ಒಂದು ಚುಕ್ಕಿ ಇಟ್ಟರೆ ಅದು ಹೇಗೆ ಹತ್ತಾರು ಚೌಕಗಳಿಗೆ ಹರಡುತ್ತದೋ ಹಾಗೆ, ಒಂದು ಬೆಳಕಿನ ಬಿಂದು ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ನಾಲ್ಕು ಪಿಕ್ಸೆಲ್‌ಗಳನ್ನು ಆವರಿಸುತ್ತದೆ. ಗ್ರಾಫ್ ಹಾಳೆಯ ಗೆರೆಗಳನ್ನು ಇನ್ನಷ್ಟು ಹತ್ತಿರ ಎಳೆದ ಮಾತ್ರಕ್ಕೆ ಪೆನ್ನಿನ ಮೊನೆ ಚೂಪಾಗುವುದಿಲ್ಲ.

ಬಣ್ಣದ ವಿಷಯ ಬೇರೆಯೇ ಇದೆ. ಸೆನ್ಸರ್‌ಗೆ ಸ್ವಂತವಾಗಿ ಬಣ್ಣ ತಿಳಿಯದು. ಪಿಕ್ಸೆಲ್‌ಗಳ ಮೇಲೆ ಕೆಂಪು, ಹಸಿರು, ನೀಲಿ ಸೋಸುಗಳನ್ನು ಹೊದಿಸಿ, ಸಿಕ್ಕಿದ ಮೊತ್ತಗಳಿಂದ ಬಣ್ಣವನ್ನು ಲೆಕ್ಕ ಹಾಕಬೇಕು. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಈ ಜೋಡಣೆಯಲ್ಲಿ ಅರ್ಧದಷ್ಟು ಸೋಸುಗಳು ಹಸಿರು, ಏಕೆಂದರೆ ನಮ್ಮ ಕಣ್ಣು ಹೆಚ್ಚು ಚುರುಕಾಗಿರುವುದು ಹಸಿರಿಗೇ. 200 ಮೆಗಾಪಿಕ್ಸೆಲ್ ಸೆನ್ಸರ್‌ನಲ್ಲಿ ನಾಲ್ಕು ಅಡ್ಡ ನಾಲ್ಕು, ಹೀಗೆ ಹದಿನಾರು ಪಿಕ್ಸೆಲ್‌ಗಳ ಗುಂಪಿಗೆ ಒಂದೇ ಬಣ್ಣದ ಸೋಸು. ಸಾಮಾನ್ಯವಾಗಿ ಫೋಟೊ ತೆಗೆದಾಗ ಹದಿನಾರರ ಮೊತ್ತವನ್ನು ಒಂದಾಗಿ ಕೂಡಿಸಿ, 12.5 ಮೆಗಾಪಿಕ್ಸೆಲ್ ಚಿತ್ರವನ್ನು ಕೈಗಿಡಲಾಗುತ್ತದೆ. ಕೂಡಿಸಿದ ಗುಂಪಿನ ಅಗಲ 2.24 ಮೈಕ್ರೊಮೀಟರ್. ಏರಿಯ ಬಿಲ್ಲೆಯೂ ಅಷ್ಟೇ. ಹೀಗಾಗಿ ಹನ್ನೆರಡೂವರೆಗೆ ಇಳಿಸುವುದು ಮೋಸವೇನಲ್ಲ, ಭೌತವಿಜ್ಞಾನ ಹಾಕಿದ ಗೆರೆಗೆ ಎಂಜಿನಿಯರ್‌ಗಳು ತಲೆಬಾಗಿದ ರೀತಿ. ಒಳ್ಳೆಯ ಬಿಸಿಲಿನಲ್ಲಿ ಪೂರ್ತಿ 200 ಮೆಗಾಪಿಕ್ಸೆಲ್‌ನಲ್ಲಿ ತೆಗೆದರೆ ಒಂದಿಷ್ಟು ಹೆಚ್ಚಿನ ವಿವರ ದಕ್ಕುವುದೂ ನಿಜ, ದೂರದ ಗೋಪುರವನ್ನು ಕತ್ತರಿಸಿ ದೊಡ್ಡದು ಮಾಡಿಕೊಳ್ಳಬಹುದು. ಹದಿನಾರು ಪಟ್ಟು ವಿವರ ಸಿಗುತ್ತದೆ ಎಂದುಕೊಂಡರೆ ಮಾತ್ರ ನಿರಾಸೆ ಕಾದಿರುತ್ತದೆ.

ನಾವು ಫೋಟೊ ತೆಗೆಯುವುದು ಬಿಸಿಲಿನಲ್ಲಿ ಮಾತ್ರವೇ? ಮೇಲೆ ಬೀಳುವ ಬೆಳಕನ್ನು ಲಕ್ಸ್‌ನಲ್ಲಿ ಅಳೆಯುತ್ತಾರೆ. ಸಂಜೆ ಮನೆಯೊಳಗೆ ದೀಪದ ಬೆಳಕು ನೂರು ಲಕ್ಸ್‌ನ ಆಸುಪಾಸು, ನಡುಹಗಲಿನ ಬಿಸಿಲು ಒಂದು ಲಕ್ಷ ಲಕ್ಸ್. ಬೆಳಕು ಸಾವಿರ ಪಟ್ಟು ಕುಸಿದಿದೆ. ಬೆಳಕಿನ ಕಣಗಳು ಒಂದೇ ಸಮನೆ ಬಂದು ಬೀಳುವುದಿಲ್ಲ. ಸರಾಸರಿ ನೂರು ಬೀಳುವ ಕಡೆ ಒಮ್ಮೆ ತೊಂಬತ್ತು, ಒಮ್ಮೆ ನೂರಹತ್ತು ಬೀಳುತ್ತವೆ; ಏರುಪೇರು ನೂರಕ್ಕೆ ಹತ್ತು. ಹತ್ತು ಸಾವಿರ ಬೀಳುವ ಕಡೆ ಅದು ನೂರಕ್ಕೆ ಒಂದೇ. ಮಬ್ಬು ಬೆಳಕಿನ ಚಿತ್ರದಲ್ಲಿ ಕಾಣುವ ರವೆ ರವೆಯ ಮೂಲ ಇದು. ಅದನ್ನು ಅಳಿಸಲು ಸಾಫ್ಟ್‌ವೇರ್ ತಿಕ್ಕಿ ತಿಕ್ಕಿ ಒರೆಸುತ್ತದೆ, ಜೊತೆಗೆ ಅಜ್ಜಿಯ ಮುಖದ ಸುಕ್ಕುಗಳನ್ನೂ ಒರೆಸಿಬಿಡುತ್ತದೆ. ಇಲ್ಲಿ ನೆರವಿಗೆ ಬರುವುದು ದೊಡ್ಡ ಸೆನ್ಸರ್ ಮತ್ತು ಓಐಎಸ್ ಎಂದು ಕರೆಯುವ ವ್ಯವಸ್ಥೆ. ಕೈ ನಡುಗಿದ್ದನ್ನು ಗೈರೊಸ್ಕೋಪ್ ಗುರುತಿಸಿ ಮಸೂರವನ್ನು ಎದುರು ದಿಕ್ಕಿಗೆ ಸರಿಸುವುದರಿಂದ, ಶಟರ್ ಹೆಚ್ಚು ಹೊತ್ತು ತೆರೆದಿದ್ದು ಹೆಚ್ಚು ಬೆಳಕು ಕೂಡಿಡಬಹುದು. ನಮ್ಮ ಕೈಯ ನಡುಕಕ್ಕೆ ಇದು ಮದ್ದು. ಮುಸ್ಸಂಜೆಯ ಅಂಗಳದಲ್ಲಿ ಓಡುವ ಮಗುವಿನ ಕಾಲಿಗಲ್ಲ.

ಪಟ್ಟಿಯಲ್ಲಿರುವ 2 ಮೆಗಾಪಿಕ್ಸೆಲ್ ಮ್ಯಾಕ್ರೊ ಕ್ಯಾಮೆರಾ ಲೆಕ್ಕಕ್ಕುಂಟು, ಆಟಕ್ಕಿಲ್ಲ. ಮುಂದೆ ಹೋಗೋಣ.

ಪರದೆಯ 1,800 ನಿಟ್ ಎಂಬುದು ಗರಿಷ್ಠ ಬೆಳಕು. ಇಂಥ ಗರಿಷ್ಠಗಳು ಪರದೆಯ ಸಣ್ಣ ಭಾಗವೊಂದು ಸ್ವಲ್ಪ ಹೊತ್ತು ಬೆಳಗುವಾಗಿನ ಮಾತು, ಇಡೀ ಪರದೆ ಬಿಳಿಯಾಗಿದ್ದಾಗ ಅಷ್ಟು ಸಿಗುವುದಿಲ್ಲ. ಅದು ಹಾಗಿರಲಿ, ಬಿಸಿಲಿನಲ್ಲಿ ನಿಂತು ಫೋನ್ ನೋಡುವಾಗ ಪರದೆಗೆ ಪೈಪೋಟಿ ಕೊಡುವವರು ಯಾರು ಗೊತ್ತೇ? ನಿಮ್ಮ ಅಂಗಿ. ಲಕ್ಷ ಲಕ್ಸ್ ಬಿಸಿಲು ಬಿದ್ದ ಬಿಳಿ ಬಟ್ಟೆಯ ಹೊಳಪು ಸುಮಾರು 25,000 ನಿಟ್. ಗಾಜು ಅದರಲ್ಲಿ ನೂರಕ್ಕೆ ನಾಲ್ಕರಷ್ಟನ್ನು ಪ್ರತಿಫಲಿಸಿದರೂ ಸಾವಿರ ನಿಟ್‌ನ ಬಿಳಿ ಮುಸುಕು ಪರದೆಯ ಮೇಲೆ ಕವಿಯುತ್ತದೆ. ಕಡುನೀಲಿ ಅಂಗಿ ತೊಟ್ಟವರಿಗೆ ಅದೇ ಫೋನ್ ಚೆನ್ನಾಗಿ ಕಾಣುತ್ತದೆ. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಎಲ್ಲ ಪರದೆಗಳೂ ಸುಂದರವೇ. ಬಾಗಿಲಾಚೆ ಬಂದು, ಬಿಸಿಲಿಗೆ ಮುಖಮಾಡಿ ಒಂದು ಸಂದೇಶ ಓದಿ ನೋಡಬೇಕು.

ಪ್ರೊಸೆಸರ್‌ಗೆ ಎಂಟು ಕೋರ್, ಅಂದರೆ ಲೆಕ್ಕ ಮಾಡುವ ಎಂಟು ಘಟಕ, ಎಂದಾಕ್ಷಣ ಎಂಟು ಸಮಬಲರು ಎಂದುಕೊಳ್ಳಬೇಕಿಲ್ಲ. ಈ ಫೋನಿನಲ್ಲಿರುವ ಸ್ನ್ಯಾಪ್‌ಡ್ರಾಗನ್ 7ಎಸ್ ಜೆನ್ 2 ಚಿಪ್‌ನ ನಾಲ್ಕು ದೊಡ್ಡ ಕೋರ್‌ಗಳ ವಿನ್ಯಾಸವನ್ನು ಆರ್ಮ್ ಕಂಪನಿ ಪ್ರಕಟಿಸಿದ್ದು 2020ರಲ್ಲಿ, ನಾಲ್ಕು ಚಿಕ್ಕವುಗಳದ್ದು 2017ರಲ್ಲಿ. ಹಳೆಯದೆಂದು ಮೂಗು ಮುರಿಯಬೇಕಿಲ್ಲ. ಸಂದೇಶ, ಹಣ ಪಾವತಿ, ವಿಡಿಯೊ ನೋಡುವುದು ಇಂಥ ಕೆಲಸಗಳಿಗೆ ಇದು ಧಾರಾಳ. ದಿನಬಳಕೆಯಲ್ಲಿ ಫೋನ್ ತಡವರಿಸುವುದಕ್ಕೆ ಹೆಚ್ಚಿನ ಸಲ ಕಾರಣ ಪ್ರೊಸೆಸರ್ ಅಲ್ಲ, ಸಂಗ್ರಹದ ಚಿಪ್. ಇಂಥ ಚಿಪ್‌ನ ಪೀಳಿಗೆಯನ್ನು ಹೇಳುವುದು ಯುಎಫ್‌ಎಸ್ ಎಂಬ ಹೆಸರಿನ ಮುಂದಿನ ಸಂಖ್ಯೆ. ಇಲ್ಲಿರುವುದು ಯುಎಫ್‌ಎಸ್ 2.2, ಯುಎಫ್‌ಎಸ್ 3.1 ಇದರ ಸುಮಾರು ಎರಡು ಪಟ್ಟು ವೇಗದ್ದು. ಈ ಒಂದು ಸಾಲನ್ನು ಜಾಹೀರಾತುಗಳು ದಪ್ಪಕ್ಷರದಲ್ಲಿ ಹಾಕುವುದು ಅಪರೂಪ. ಅದರ ಬದಲು 8 ಜಿಬಿ ರ‍್ಯಾಮ್‌ಗೆ ಇನ್ನೂ 8 ಜಿಬಿ ಸೇರಿಸಿ ‘16 ಜಿಬಿ’ ಎನ್ನುವ ಚಾಳಿ ಈ ದರ್ಜೆಯಲ್ಲಿ ಬೆಳೆದಿದೆ. ಸೇರಿಸಿದ್ದು ರ‍್ಯಾಮ್ ಅಲ್ಲ, ಸಂಗ್ರಹದಿಂದ ಎರವಲು ತಂದ ಜಾಗ. ರ‍್ಯಾಮ್‌ನಿಂದ ಒಂದು ಮಾಹಿತಿ ತರಲು ಸೆಕೆಂಡಿನ ಕೋಟಿಯಲ್ಲೊಂದು ಪಾಲು ಹಿಡಿದರೆ, ಸಂಗ್ರಹದಿಂದ ತರಲು ಅದರ ಸಾವಿರ ಪಟ್ಟಿನ ಲೆಕ್ಕದಲ್ಲಿ ಸಮಯ ಬೇಕು.

ಬೆಂಚ್‌ಮಾರ್ಕ್ ಅಂಕಗಳನ್ನು, ಅಂದರೆ ಫೋನಿನ ವೇಗ ಪರೀಕ್ಷಿಸುವ ಆ್ಯಪ್‌ಗಳು ಕೊಡುವ ಅಂಕಗಳನ್ನು, ನಾನು ಪಕ್ಕಕ್ಕಿಡುತ್ತೇನೆ. ಪರೀಕ್ಷೆಯ ಆ್ಯಪ್ ತೆರೆದಿದೆ ಎಂದು ಫೋನೇ ಗುರುತಿಸಿ, ಆಗಷ್ಟೇ ವೇಗ ಹೆಚ್ಚಿಸಿಕೊಂಡ ಪ್ರಕರಣ 2013ರಲ್ಲೇ ಬಯಲಾಗಿತ್ತು. 2022ರ ಮಾರ್ಚ್‌ನಲ್ಲಿ ಗೀಕ್‌ಬೆಂಚ್ ಸಂಸ್ಥೆ ಸ್ಯಾಮ್‌ಸಂಗ್‌ನ ನಾಲ್ಕು ಪೀಳಿಗೆಯ ದುಬಾರಿ ಫೋನುಗಳನ್ನು ತನ್ನ ಪಟ್ಟಿಯಿಂದ ತೆಗೆದುಹಾಕಿತು. ಉಳಿದ ಆ್ಯಪ್‌ಗಳ ವೇಗ ತಗ್ಗಿಸಿ, ಪರೀಕ್ಷೆಯ ಆ್ಯಪ್‌ಗಳನ್ನು ಮಾತ್ರ ಮುಟ್ಟದೆ ಬಿಡಲಾಗುತ್ತಿತ್ತು ಎಂಬುದು ಆಕ್ಷೇಪ.

ಪ್ರಾಮಾಣಿಕ ಫೋನಿನ ವೇಗವನ್ನೂ ಕಟ್ಟಿಹಾಕುವುದು ಶಾಖ. ಫೋನಿಗೆ ಫ್ಯಾನ್ ಇಲ್ಲ. ಒಳಗೆ ಹುಟ್ಟಿದ ಶಾಖ ಮೈಯ ಮೂಲಕವೇ ಗಾಳಿಗೆ ಹೋಗಬೇಕು, ಕೈ ಸುಡದಂತೆ ಹೀಗೆ ಹೊರಹಾಕಲು ಆಗುವುದು ಮೂರ್ನಾಲ್ಕು ವ್ಯಾಟ್ ಅಷ್ಟೇ. ಅದಕ್ಕಿಂತ ಹೆಚ್ಚು ಹುಟ್ಟಿದರೆ ಪ್ರೊಸೆಸರ್ ತಾನಾಗಿ ನಿಧಾನವಾಗುತ್ತದೆ. ಶಾಖ ಹರಿಯುವುದು ಉಷ್ಣಾಂಶದ ವ್ಯತ್ಯಾಸವನ್ನು ಅವಲಂಬಿಸಿ. ಪ್ರಯೋಗಾಲಯದ 25 ಡಿಗ್ರಿಯಲ್ಲಿ ಫೋನಿನ ಮೈ 42 ಡಿಗ್ರಿ ಇದ್ದರೆ ನಡುವೆ 17 ಡಿಗ್ರಿ ಅಂತರವಿದೆ. ಮೇ ತಿಂಗಳ ಕಲಬುರಗಿಯಲ್ಲಿ ಗಾಳಿಯೇ 42 ಡಿಗ್ರಿ! ಶಾಖ ಹೋಗಲು ದಾರಿಯಿಲ್ಲ. ಅಲ್ಲಿ ನಕ್ಷೆ ನೋಡಿಕೊಂಡು ಬೈಕ್ ಓಡಿಸುವವರ ಫೋನ್ ಮಂಕಾಗುವುದು ಕೆಟ್ಟಿದ್ದರಿಂದಲ್ಲ.

ಬ್ಯಾಟರಿಗೂ ಶಾಖವೇ ದೊಡ್ಡ ವೈರಿ. ಈ ಫೋನಿನ 5,100 ಮಿಲಿಆಂಪಿಯರ್ ಗಂಟೆಯನ್ನು ಸುಮಾರು 3.87 ವೋಲ್ಟ್‌ನಿಂದ ಗುಣಿಸಿದರೆ ಇಪ್ಪತ್ತು ವ್ಯಾಟ್ ಗಂಟೆಗೆ ತುಸು ಕಡಿಮೆ. ಚಾರ್ಜ್ ಮಾಡುವಾಗಿನ ಸೋರಿಕೆಯನ್ನು ಸೇರಿಸಿದರೂ ಒಂದು ಯೂನಿಟ್ ವಿದ್ಯುತ್ತಿನಲ್ಲಿ ನಲವತ್ತು ಸಲ ತುಂಬಿಸಬಹುದು. 67 ವ್ಯಾಟ್ ಒಂದೇ ಸಮ ಹರಿದಿದ್ದರೆ ಹದಿನೆಂಟು ನಿಮಿಷದಲ್ಲಿ ತುಂಬಬೇಕಿತ್ತು. ನಿಜವಾಗಿ ಬೇಕಾಗುವುದು ಮುಕ್ಕಾಲು ಗಂಟೆಯ ಆಸುಪಾಸು. ಕೋಶ ತುಂಬುತ್ತ ಬಂದಂತೆ ಲಿಥಿಯಂ ಅಯಾನುಗಳಿಗೆ ಗ್ರಾಫೈಟ್ ಪದರಗಳಲ್ಲಿ ಜಾಗ ಕಡಿಮೆಯಾಗುತ್ತದೆ. ಒತ್ತಿ ತುರುಕಿದರೆ ಅವು ಹೊರಮೈ ಮೇಲೆ ಲೋಹವಾಗಿ ಕೂರುತ್ತವೆ, ಅಷ್ಟು ಸಾಮರ್ಥ್ಯ ಕಾಯಂ ಆಗಿ ಹೋಗುತ್ತದೆ. ಆದ್ದರಿಂದ ಕೊನೆಯ ಹಂತದಲ್ಲಿ ವಿದ್ಯುತ್ ಹರಿವನ್ನು ತಗ್ಗಿಸಲೇಬೇಕು. ಕೊಳ್ಳುವಾಗ ಕೇಳಬೇಕಾದ ಅಂಕಿ, ಎಷ್ಟು ಚಾರ್ಜ್‌ಗಳ ನಂತರ ಬ್ಯಾಟರಿ ಎಷ್ಟು ಉಳಿದಿರುತ್ತದೆ ಎಂಬುದು. ಐರೋಪ್ಯ ಒಕ್ಕೂಟ 2025ರ ಜೂನ್ 20ರಿಂದ ಇದನ್ನು ನಿಯಮವಾಗಿಸಿದೆ: 800 ಪೂರ್ಣ ಚಾರ್ಜ್‌ಗಳ ನಂತರವೂ ಶೇಕಡ 80 ಉಳಿದಿರಬೇಕು. ದಿನಕ್ಕೊಂದು ಪೂರ್ಣ ಚಾರ್ಜ್ ಎಂದರೆ ಎರಡು ವರ್ಷದ ಮೇಲಾಯಿತು.

ಮಲೆನಾಡಿನವರಿಗೆ ಇನ್ನೊಂದು ಲೆಕ್ಕವಿದೆ. ಟವರ್ ಹತ್ತಿರವಿದ್ದರೆ ಫೋನ್ ಪಿಸುಗುಟ್ಟಿದರೆ ಸಾಕು. ಗುಡ್ಡದ ಆಚೆಗಿದ್ದರೆ ಅದು ತನ್ನ ಗರಿಷ್ಠ ಶಕ್ತಿ, ಅಂದರೆ ಸಾಮಾನ್ಯವಾಗಿ 200 ಮಿಲಿವ್ಯಾಟ್‌ನಷ್ಟು, ಬಳಸಿ ಕೂಗಬೇಕಾಗುತ್ತದೆ. ಅಷ್ಟನ್ನು ಹೊರಡಿಸಲು ಬ್ಯಾಟರಿಯಿಂದ ಅದರ ಹಲವು ಪಟ್ಟು ಎಳೆದುಕೊಳ್ಳುತ್ತದೆ. ವೈಫೈ ಮೇಲೆ ನಡೆಸಿದ ಬ್ಯಾಟರಿ ಪರೀಕ್ಷೆ ಶೃಂಗೇರಿಯ ಕಣಿವೆಯಲ್ಲಿ ನಿಜವಾಗದು. ಫೋನಿನ ವಿವರಪಟ್ಟಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿರುವ ಬ್ಯಾಂಡ್‌ಗಳನ್ನು, ಅಂದರೆ ಫೋನ್ ಹಿಡಿಯಬಲ್ಲ ತರಂಗಗಳ ಪಟ್ಟಿಯನ್ನು, ಓದಬೇಕಾದವರು ಇವರೇ. ಎನ್78 ಎಂದರೆ ಸುಮಾರು 3.5 ಗಿಗಾಹರ್ಟ್ಸ್, ಅಲೆಯ ಉದ್ದ ಎಂಟೂವರೆ ಸೆಂಟಿಮೀಟರ್. ವೇಗ ಹೆಚ್ಚು, ಗೋಡೆ ದಾಟುವ ಶಕ್ತಿ ಕಡಿಮೆ. ಎನ್28 ಎಂದರೆ 700 ಮೆಗಾಹರ್ಟ್ಸ್, ನಲವತ್ತು ಸೆಂಟಿಮೀಟರ್ ಮೀರಿದ ಅಲೆ. ಗುಡ್ಡದ ಅಂಚಿನಲ್ಲಿ ಬಾಗಿ, ದಪ್ಪ ಗೋಡೆಯ ಮನೆಯೊಳಗೂ ಬರುತ್ತದೆ. 2022ರ ಹರಾಜಿನಲ್ಲಿ ಈ 700ರ ತರಂಗಗುಚ್ಛವನ್ನು ಕೊಂಡದ್ದು ಜಿಯೊ. ಆ ಸಿಮ್ ಇಟ್ಟುಕೊಂಡವರು ಪಟ್ಟಿಯಲ್ಲಿ ಎನ್28 ಇಲ್ಲದ ಫೋನನ್ನು ಹಳ್ಳಿಯ ಮನೆಗೆ ಒಯ್ಯದಿರುವುದು ವಾಸಿ.

ಪರದೆಯೊಳಗಿನ ಬೆರಳಚ್ಚು ಓದುಗವನ್ನೂ ನಿಮ್ಮ ಕೈಯಿಂದಲೇ ಪರೀಕ್ಷಿಸಬೇಕು. ಈ ದರ್ಜೆಯಲ್ಲಿ ಅದು ಹೆಚ್ಚಾಗಿ ಬೆರಳಿನ ಚಿತ್ರ ತೆಗೆಯುವ ಪುಟ್ಟ ಕ್ಯಾಮೆರಾ. ಅಡಿಕೆ ಸುಲಿದು ಕಪ್ಪಾದ ಬೆರಳು, ಗಾರೆ ಕೆಲಸದಲ್ಲಿ ಗೆರೆ ಸವೆದ ಬೆರಳು ಇವುಗಳ ಚಿತ್ರ ಅದಕ್ಕೆ ಸ್ಪಷ್ಟವಾಗಿ ಸಿಗುವುದಿಲ್ಲ. ಗಾಜಿನ ವಿಷಯದಲ್ಲಿ ಜೇಬಿನ ಬೀಗದ ಕೈಗೆ ಹೆದರಬೇಕಿಲ್ಲ, ಮರಳಿಗೆ ಹೆದರಬೇಕು. ಗಡಸುತನದ ಮೋಸ್ ಮಾಪಕದಲ್ಲಿ ಮರಳಿನ ಕ್ವಾರ್ಟ್ಸ್ 7ನೆಯ ಮೆಟ್ಟಿಲಿನಲ್ಲಿದೆ, ಉಕ್ಕು ಮತ್ತು ಗಾಜು ಅದರ ಕೆಳಗಿವೆ.

ಇನ್ನು ಡಬ್ಬಿಯ ಮೇಲೆ ಕಾಣದ ವಯಸ್ಸಿನ ವಿಚಾರ. ಈ ಫೋನ್ 2024ರ ಜನವರಿಯಲ್ಲಿ ಬಂದಾಗ ಒಳಗಿದ್ದದ್ದು ಆಂಡ್ರಾಯ್ಡ್ 13. ಗೂಗಲ್ 14ನೆಯದನ್ನು 2023ರ ಅಕ್ಟೋಬರ್‌ನಲ್ಲೇ ಬಿಡುಗಡೆ ಮಾಡಿತ್ತು. ಹುಟ್ಟುವಾಗಲೇ ಒಂದು ತಲೆಮಾರು ಹಿಂದೆ. ಬ್ಯಾಂಕಿನ ಆ್ಯಪ್, ಯುಪಿಐ ಎಲ್ಲ ಫೋನಿನಲ್ಲೇ ಇರುವ ಕಾಲದಲ್ಲಿ ಭದ್ರತಾ ಅಪ್‌ಡೇಟ್ ನಿಂತ ದಿನ ಫೋನಿನ ಆಯುಸ್ಸು ಮುಗಿಯಿತು ಎಂದೇ ನಾನು ಎಣಿಸುತ್ತೇನೆ, ಪರದೆ ಎಷ್ಟೇ ಹೊಳೆಯುತ್ತಿರಲಿ. ಆ ವರ್ಷಗಳ ಎಣಿಕೆ ಸಾಮಾನ್ಯವಾಗಿ ಶುರುವಾಗುವುದು ಮಾದರಿ ಬಿಡುಗಡೆಯಾದ ದಿನದಿಂದ, ನೀವು ಕೊಂಡ ದಿನದಿಂದಲ್ಲ. ನಾಲ್ಕು ವರ್ಷದ ಭರವಸೆಯಿರುವ ಫೋನನ್ನು ಹೊಸದರಲ್ಲೇ 26,000 ಕೊಟ್ಟು ಕೊಂಡರೆ ವರ್ಷಕ್ಕೆ ಬೀಳುವುದು 6,500 ರೂಪಾಯಿ. ಅದನ್ನೇ ಒಂದು ವರ್ಷ ಕಾದು, ದಸರೆಯ ರಿಯಾಯಿತಿಯಲ್ಲಿ 21,000ಕ್ಕೆ ತಂದರೆ ವರ್ಷಕ್ಕೆ 7,000.