ಸ್ಕೀ ತಳ ಬೆಳ್ಳಗಾಗಿದೆ, ಹಾಳಾಯ್ತಾ?

ಪ್ರಶ್ನೆ: ನಾವಿರೋದು ಸ್ಯಾಕ್ರಮೆಂಟೊದಲ್ಲಿ, ಚಳಿಗಾಲದಲ್ಲಿ ಹಿಮದ ಮೇಲೆ ಸ್ಕೀ ಕಟ್ಟಿಕೊಂಡು ಜಾರೋಕೆ ಟಾಹೋ ಬೆಟ್ಟಗಳಿಗೆ ಹೋಗ್ತೀವಿ. ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಸ್ಕೀ ತಗೊಂಡೆ. ಈಗ ಕಪ್ಪು ತಳ ಅಂಚಿನ ಪಕ್ಕ ಬೆಳ್ಳಗಾಗಿದೆ. ಗ್ರೈಂಡ್ ಮಾಡಿಸಲೇಬೇಕಾ, ಅಂದರೆ ಅಂಗಡಿಯ ಯಂತ್ರದಲ್ಲಿ ತಳ ಉಜ್ಜಿಸಲೇಬೇಕಾ?

ಈಗಲೇ ಬೇಡ. ಮೊದಲು ವ್ಯಾಕ್ಸ್ (ಸ್ಕೀ ಚೆನ್ನಾಗಿ ಜಾರಲು ತಳಕ್ಕೆ ಹಚ್ಚುವ ಮೇಣ) ಹಾಕಿ ನೋಡಿ.

ತಳ ಅಂದರೆ ಪಾಲಿಥೀನ್ ಪ್ಲಾಸ್ಟಿಕ್, ನಮ್ಮ ಕ್ಯಾರಿಬ್ಯಾಗಿನ ಗಟ್ಟಿಮುಟ್ಟು ಅಣ್ಣ ಅಂದುಕೊಳ್ಳಿ. ತಿರುವಿನಲ್ಲಿ ಭಾರವೆಲ್ಲ ಅಂಚಿನ ಮೇಲೆ ಬೀಳುತ್ತದಲ್ವಾ, ಅಲ್ಲೇ ವ್ಯಾಕ್ಸ್ ಮೊದಲು ಸವೆಯುತ್ತದೆ. ಆಮೇಲೆ ಗಟ್ಟಿ ಹಿಮ, ಅದರಲ್ಲೂ ಯಂತ್ರದಲ್ಲಿ ಮಾಡಿದ ಹಿಮ, ಮರಳು ಕಾಗದದ ಹಾಗೆ ಉಜ್ಜಿ ಮೇಲ್ಪದರದಲ್ಲಿ ಸಣ್ಣ ಸಣ್ಣ ಎಳೆ ಎಬ್ಬಿಸುತ್ತದೆ. ನಿಮಗೆ ಬೆಳ್ಳಗೆ ಕಾಣುತ್ತಿರುವುದು ಬಹುಶಃ ಅದೇ. ಬೆರಳಾಡಿಸಿ ನೋಡಿ, ಒರಟಾಗಿ, ಒಣಗಿದ ಹಾಗಿರುತ್ತದೆ.

ಗ್ರೈಂಡ್ ಮಾಡಿಸಿದರೆ ಹೊಸದರ ಹಾಗೆ ಕಾಣುತ್ತದೆ ನಿಜ. ಆದರೆ ತಳ ಇರುವುದೇ 1ರಿಂದ 2 ಮಿಲಿಮೀಟರ್ ದಪ್ಪ, ಪ್ರತಿ ಸಲವೂ ಅದರಲ್ಲೇ ಸ್ವಲ್ಪ ಹೋಗುತ್ತದೆ. ತಳ ಡೊಂಕಾಗಿದ್ದರೆ, ಇಲ್ಲವೇ ಮೂರ್ನಾಲ್ಕು ಸಲ ವ್ಯಾಕ್ಸ್ ಹಾಕಿದರೂ ಬಿಳಿ ಹೋಗದಿದ್ದರೆ ಮಾಡಿಸಿ.

ಮನೆಯಲ್ಲೇ ಹೀಗೆ ಮಾಡಿ. ಹಿತ್ತಾಳೆ ಬ್ರಷ್‌ನಿಂದ ಮೂತಿಯಿಂದ ಬಾಲದ ಕಡೆಗೆ ಉಜ್ಜಿ, ಕೊಳೆ ಒರೆಸಿ. ವಸಂತದಲ್ಲಿ ಟಾಹೋ ಹಿಮದಲ್ಲಿ ಪೈನ್ ಮರದ ಅಂಟು, ಪರಾಗ ಎಲ್ಲ ಇರುತ್ತದೆ. ಹಾಗಾಗಿ ನಾನು ಒಮ್ಮೆ ಮೆತ್ತನೆ ವ್ಯಾಕ್ಸ್ ಕರಗಿಸಿ ಬಿಸಿಯಿರುವಾಗಲೇ ಹೆರೆದುಬಿಡುತ್ತೇನೆ, ಕಪ್ಪು ಕೊಳೆ ಅದರ ಜೊತೆ ಬರುತ್ತದೆ. ಆಮೇಲೆ ನಿಜವಾದ ವ್ಯಾಕ್ಸ್. ಇಸ್ತ್ರಿಪೆಟ್ಟಿಗೆಗೆ ತಾಗಿಸಿ ತಳದ ಮೇಲೆ ಹನಿ ಹನಿ ಬೀಳಿಸಿ, ನಿಧಾನವಾಗಿ ಎಳೆಯಿರಿ. ಪೆಟ್ಟಿಗೆ ಎಲ್ಲೂ ನಿಲ್ಲಬಾರದು! ಈ ಪ್ಲಾಸ್ಟಿಕ್ 135 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕರಗುತ್ತದೆ, ಮಾಮೂಲಿ ವ್ಯಾಕ್ಸ್‌ಗೆ ಪೆಟ್ಟಿಗೆ 120 ಡಿಗ್ರಿ ಹತ್ತಿರ ಇದ್ದರೆ ಸಾಕು. ಹೊಗೆ ಬಂತು ಅಂದರೆ ಬಿಸಿ ಜಾಸ್ತಿಯಾಯ್ತು ಅಂತ.

ದುಡ್ಡು ಉಳಿಸೋಣ ಅಂತ ನಾನು ಮೊದಲ ವರ್ಷ ಮನೆಯ ಹಳೇ ಬಟ್ಟೆ ಇಸ್ತ್ರಿಯಲ್ಲೇ ಮಾಡಿದ್ದೆ. ಅದರ ಬಿಸಿ ಏರುತ್ತಾ ಇಳಿಯುತ್ತಾ ಇರುತ್ತದೆ, ಫೋನ್ ಬಂತು ಅಂತ ಒಂದೇ ಕಡೆ ಎರಡು ಕ್ಷಣ ನಿಲ್ಲಿಸಿದೆ, ಬಾಲದ ಹತ್ತಿರ ಹಪ್ಪಳದ ಹಾಗೆ ಉಬ್ಬಿತು. ಆ ಗುಳ್ಳೆ ಇವತ್ತಿಗೂ ಇದೆ. ವ್ಯಾಕ್ಸ್ ಇಸ್ತ್ರಿ ಬೇರೆಯೇ ತಗೊಳ್ಳಿ.

ಅರ್ಧ ಗಂಟೆ ಆರಲು ಬಿಡಿ. ಪ್ಲಾಸ್ಟಿಕ್ ಪಟ್ಟಿಯಿಂದ ಪೂರ್ತಿ ಹೆರೆಯಿರಿ, ನೈಲಾನ್ ಬ್ರಷ್ ಹೊಡೆಯಿರಿ. ಅಯ್ಯೋ ಹಾಕಿದ್ದೆಲ್ಲ ಹೋಯ್ತಲ್ಲ ಅನಿಸುತ್ತದೆ, ಪರವಾಗಿಲ್ಲ, ಬೇಕಾದಷ್ಟು ಒಳಗೆ ಸೇರಿರುತ್ತದೆ. ಮೂರ್ನಾಲ್ಕು ದಿನ ಸ್ಕೀ ಮಾಡಿದ ಮೇಲೆ ಮತ್ತೊಮ್ಮೆ. ಮನೆಯಲ್ಲಿ ಯಾರದೋ ಹಳೇ ಫ್ಲೋರಿನ್ ವ್ಯಾಕ್ಸ್ ಬಿದ್ದಿದ್ದರೆ ಅದನ್ನು ಮಾತ್ರ ಕರಗಿಸಬೇಡಿ, ಹೊಗೆ ಒಳ್ಳೆಯದಲ್ಲ, 2023-24ರಿಂದ ಅಂತರರಾಷ್ಟ್ರೀಯ ರೇಸ್‌ಗಳಲ್ಲೂ ಅದು ನಿಷೇಧ.

ಕಲ್ಲು ತಾಗಿದ ಸಣ್ಣ ಗೀರಿಗೆ ತಲೆಕೆಡಿಸಿಕೊಳ್ಳಬೇಡಿ. ಗೀರಿನೊಳಗೆ ಮರವೋ ಫೈಬರ್‌ಗ್ಲಾಸೋ ಕಂಡರೆ ಮಾತ್ರ ಅಂಗಡಿಗೆ ಓಡಿ, ನೀರು ಇಳಿದರೆ ಪದರಗಳೇ ಬಿಟ್ಟುಕೊಳ್ಳುತ್ತವೆ.

ಕಾರಿನ ಮೇಲೆ ಕಟ್ಟಿ ತಂದರೆ ರಸ್ತೆಯ ಉಪ್ಪೆಲ್ಲ ಉಕ್ಕಿನ ಅಂಚಿಗೆ ಹತ್ತಿರುತ್ತದೆ, ಮನೆಗೆ ಬಂದ ತಕ್ಷಣ ಒರೆಸಿ, ಒದ್ದೆ ಚೀಲದಲ್ಲಿ ಇಡಬೇಡಿ. ಸೀಸನ್ ಮುಗಿದ ಮೇಲೆ ದಪ್ಪಗೆ ವ್ಯಾಕ್ಸ್ ಹಾಕಿ, ಅಂಚೂ ಮುಚ್ಚುವ ಹಾಗೆ, ಹೆರೆಯದೆ ಹಾಗೇ ಬಿಡಿ. ಬಿಸಿಲು ಬೀಳದ ಕಡೆ ಇಟ್ಟು, ಮುಂದಿನ ಸಲ ಟಾಹೋಗೆ ಹೊರಡುವ ಹಿಂದಿನ ರಾತ್ರಿ ಹೆರೆದರಾಯ್ತು.