ಬಿಸಿಲಿಗೆ ಕೆರಳುವ ಕ್ಲೋರಿನ್: ಬಿತ್ತನೆ ಬೀಜ, ಸೋಪು, ಮಾತ್ರೆ

ಹಾಸನದ ಕಡೆ ಮುಸುಕಿನ ಜೋಳದ ಬಿತ್ತನೆ ಬೀಜಕ್ಕೆ ಕೆಂಪು ಬಣ್ಣ ಹಚ್ಚಿರುವುದು ಅಂದಕ್ಕಲ್ಲ, ಔಷಧಿ ಸವರಿದ ಬೀಜ ಅಡುಗೆಮನೆಗೆ ಹೋಗದಿರಲಿ ಎಂದು. ಹೋದರೆ ಏನಾಗುತ್ತದೆ ಎಂಬುದನ್ನು ಟರ್ಕಿಯ ಆಗ್ನೇಯ ಭಾಗ 1955ರಿಂದ 1959ರವರೆಗೆ ಕಂಡಿತು.

ಅಲ್ಲಿ ಬಿತ್ತನೆಗೆಂದು ಕೊಟ್ಟ ಗೋಧಿಯನ್ನು ಜನ ಬೀಸಿ ರೊಟ್ಟಿ ಮಾಡಿಕೊಂಡರು. ಅದಕ್ಕೆ ಸವರಿದ್ದು ಹೆಕ್ಸಾಕ್ಲೋರೋಬೆಂಜೀನ್ ಎಂಬ ಶಿಲೀಂಧ್ರನಾಶಕ. ಒಂದು ಬೆಂಜೀನ್ ಉಂಗುರಕ್ಕೆ ಆರು ಕ್ಲೋರಿನ್. ದಿನಕ್ಕೆ 50ರಿಂದ 200 ಮಿಲಿಗ್ರಾಂ ಹೊಟ್ಟೆ ಸೇರಿತ್ತೆಂದು ಅಂದಾಜು. 3,000ಕ್ಕೂ ಹೆಚ್ಚು ಮಂದಿಗೆ ಬಿಸಿಲು ಬೀಳುವ ಮುಖ, ಮುಂಗೈ ಮೇಲೆ ಬೊಬ್ಬೆ ಎದ್ದವು, ಚರ್ಮ ಕಪ್ಪಾಯಿತು, ಕೆನ್ನೆಯಲ್ಲಿ ಕೂದಲು ಬೆಳೆಯಿತು. ವಿಷ ಎದೆಹಾಲಿಗೂ ಇಳಿದು ಎಷ್ಟೋ ಕೂಸುಗಳು ಉಳಿಯಲಿಲ್ಲ.

ವಿಚಿತ್ರವೆಂದರೆ, ಇಲ್ಲಿ ಬಿಸಿಲು ಕೆರಳಿಸಿದ್ದು ಆ ರಾಸಾಯನಿಕವನ್ನಲ್ಲ. ಅದು ಯಕೃತ್ತಿನಲ್ಲಿ ಹೀಮ್ (ರಕ್ತಕ್ಕೆ ಕೆಂಪು ಬಣ್ಣ ಕೊಡುವ ವಸ್ತು) ತಯಾರಿಸುವ ಒಂದು ಕಿಣ್ವವನ್ನು ಕಟ್ಟಿಹಾಕುತ್ತದೆ; ಅರ್ಧಕ್ಕೆ ನಿಂತ ಸರಕು, ಅಂದರೆ ಪಾರ್ಫಿರಿನ್, ಚರ್ಮದಲ್ಲಿ ಸೇರಿಕೊಳ್ಳುತ್ತದೆ. ಸುಮಾರು 400 ನ್ಯಾನೋಮೀಟರಿನ ನೇರಳೆ ಬೆಳಕು ಬಿದ್ದೊಡನೆ ಪಾರ್ಫಿರಿನ್ ಆಮ್ಲಜನಕವನ್ನು ಉಗ್ರವಾಗಿಸಿ ಜೀವಕೋಶಗಳನ್ನು ಸುಡುತ್ತದೆ. ಈ ಬೆಳಕು ಕಿಟಕಿ ಗಾಜಿನಲ್ಲೂ ನುಗ್ಗುತ್ತದೆ. ನೇರಳಾತೀತವನ್ನಷ್ಟೇ ತಡೆಯುವ ಸನ್‌ಸ್ಕ್ರೀನ್ ಇದರ ಮುಂದೆ ಸೋಲುತ್ತದೆ. ತುಂಬುತೋಳಿನ ದಪ್ಪ ಬಟ್ಟೆಯೇ ವಾಸಿ.

1960-61ರಲ್ಲಿ ಇಂಗ್ಲೆಂಡಿನ ಸೋಪಿನಲ್ಲಿ ಸಿಕ್ಕಿಬಿದ್ದ ರೋಗಾಣುನಾಶಕ ಟೆಟ್ರಾಕ್ಲೋರೋಸ್ಯಾಲಿಸಿಲನಿಲೈಡ್‌ನ ದಾರಿ ಬೇರೆ. ಅಲ್ಲಿ ಬೆಳಕೇ ಕ್ಲೋರಿನ್ನನ್ನು ಕಿತ್ತುಹಾಕುತ್ತದೆ, ಉಳಿದ ತುಣುಕು ಚರ್ಮದ ಪ್ರೋಟೀನಿಗೆ ಅಂಟುತ್ತದೆ, ದೇಹ ಅದನ್ನು ಶತ್ರುವೆಂದು ಬಗೆಯುತ್ತದೆ. ಸೋಪು ಬಿಟ್ಟ ಮೇಲೂ ಕೆಲವರಿಗೆ ವರ್ಷಗಟ್ಟಲೆ ಬಿಸಿಲು ಸಹಿಸಲಾಗಲಿಲ್ಲ. ಮಾನಸಿಕ ಕಾಯಿಲೆಗೆ ಕೊಡುವ ಕ್ಲೋರ್‌ಪ್ರೊಮಜೀನ್ ಮಾತ್ರೆಯಲ್ಲೂ ಬೆಳಕು ಕ್ಲೋರಿನ್ ಕೊಂಡಿಯನ್ನು ಮುರಿಯುತ್ತದೆ.

ಹಾಗಂತ ನಮ್ಮೂರಿನ ಎಲ್ಲ ತುರಿಕೆಯನ್ನೂ ಕ್ಲೋರಿನ್ ತಲೆಗೆ ಕಟ್ಟುವಂತಿಲ್ಲ. ಬಿಸಿಲಿಗೆ ಬಿದ್ದ ಜಾಗದಲ್ಲೇ ಕೆರೆತ ಹೆಚ್ಚಿಸುವ ಕಾಂಗ್ರೆಸ್ ಗಿಡದ ರಾಸಾಯನಿಕ ಪಾರ್ಥೆನಿನ್‌ನಲ್ಲಿ ಕ್ಲೋರಿನ್ನೇ ಇಲ್ಲ. ಟ್ಯಾಂಕಿಗೆ ಹಾಕುವ ಬ್ಲೀಚಿಂಗ್ ಪೌಡರ್ ಕೈ ಸುಡಲು ಬಿಸಿಲು ಬೇಕಿಲ್ಲ.

ಪಾರ್ಫಿರಿನ್ ಅನುಮಾನವಿದ್ದರೆ ಮೂತ್ರ ಪರೀಕ್ಷೆಯೇ ಮೊದಲು. ಸ್ಯಾಂಪಲ್ ಬಾಟಲಿಗೆ ಕೊಟ್ಟ ಕೂಡಲೇ ಅಲ್ಯೂಮಿನಿಯಂ ಫಾಯಿಲ್ ಸುತ್ತಬೇಕು. ಬೆಳಕಿಗೆ ಬಿಟ್ಟರೆ ಪಾರ್ಫಿರಿನ್ ಒಡೆದು ವರದಿ ಸುಳ್ಳಾಗಿ ನಾರ್ಮಲ್ ಬರಬಹುದು. ಪ್ರಮಾಣ ಹೆಚ್ಚಿದ್ದರೆ ಕತ್ತಲಲ್ಲಿ ವುಡ್ಸ್ ಲ್ಯಾಂಪ್ (ನೇರಳಾತೀತ ದೀಪ) ಹಿಡಿದಾಗ ಮೂತ್ರ ಹವಳಗೆಂಪಾಗಿ ಹೊಳೆಯುತ್ತದೆ. ಸೋಪು, ಕ್ರೀಮಿನ ಅನುಮಾನಕ್ಕೆ ಫೋಟೋಪ್ಯಾಚ್ ಟೆಸ್ಟ್: ಬೆನ್ನಿಗೆ ಒಂದೇ ಪದಾರ್ಥದ ಎರಡು ಪಟ್ಟಿ ಅಂಟಿಸಿ, ಒಂದಕ್ಕೆ ಮಾತ್ರ ಯುವಿ-ಎ ಎಂಬ ನೇರಳಾತೀತ ಬೆಳಕು ಕೊಟ್ಟು, 48 ಗಂಟೆಯ ನಂತರ ಹೋಲಿಸುತ್ತಾರೆ. ಬೆಳಕು ಬಿದ್ದ ಕಡೆ ಮಾತ್ರ ಕೆಂಪೆದ್ದರೆ ಕಾರಣ ಸಿಕ್ಕಿತು. ಎರಡೂ ಕಡೆ ಒಂದೇ ಸಮ ಎದ್ದರೆ ಅದು ಮಾಮೂಲಿ ಅಲರ್ಜಿ.